ಚಹಾಗುರು ಸೆನ್ ನೊ ರಿಕ್ಯೂ

ಲೋಕದಲ್ಲಿ ಕೀರ್ತಿ ಪಡೆದವರ ಚರಿತ್ರೆಗಳನ್ನು ತೆರೆದಾಗ ನಮ್ಮ ದೃಷ್ಟಿಗೆ ಮೊದಲು ಬೀಳುವವರು ರಾಜ್ಯಗಳನ್ನು ಗೆದ್ದವರು, ಮಹಾಗ್ರಂಥಗಳನ್ನು ರಚಿಸಿದವರು, ಹೊಸ ನಾಡುಗಳನ್ನು ಕಂಡುಹಿಡಿದವರು. ಒಂದು ಬಟ್ಟಲು ಚಹಾವನ್ನು ಹೇಗೆ ಸಿದ್ಧಗೊಳಿಸಬೇಕು, ಹೇಗೆ ನೀಡಬೇಕು, ಹೇಗೆ ಸ್ವೀಕರಿಸಬೇಕು ಎಂಬಷ್ಟನ್ನೇ ಕಲಿಸಿ, ಅದರಿಂದಲೇ ಒಂದು ಜನಾಂಗದ ನೆನಪಿನಲ್ಲಿ ನಾಲ್ಕು ಶತಮಾನಗಳಿಗೂ ಮಿಕ್ಕಿ ಬಾಳಿದವರು ವಿರಳ. ಜಪಾನಿನ ಸೆನ್ ನೊ ರಿಕ್ಯೂ ಅಂಥ ವಿರಳರಲ್ಲಿ ಅಗ್ರಗಣ್ಯನು. ಆತನು ವರ್ತಕನ ಮಗನಾಗಿ ಹುಟ್ಟಿದನು, ನಾಡನ್ನಾಳುವ ಪ್ರಭುವಿನ ಬಳಿ ಆಪ್ತನಾಗಿ ಬೆಳೆದನು, ಅದೇ ಪ್ರಭುವಿನ ಆಜ್ಞೆಯಿಂದ ತನ್ನ ಪ್ರಾಣವನ್ನು ತಾನೇ ತೆತ್ತನು. ಆತನ ಬಾಳಿನ ಕಥೆಯು ಒಂದು ಕಿರುಬಾಗಿಲಿಗೂ ಒಂದು ಹೆಬ್ಬಾಗಿಲಿಗೂ ನಡುವೆ ನಡೆದ ಕಥೆಯಾಗಿದೆ. ವಿದ್ಯೆಯನ್ನು ಕಲಿಸುವವರೂ ಕಲಿತವರೂ ವಿದ್ಯಾಲಯಗಳಿಗೆ ನೆರವಾದವರೂ ಈ ಕಥೆಯಲ್ಲಿ ಮನನ ಮಾಡತಕ್ಕ ವಿಷಯವನ್ನು ಕಾಣಬಲ್ಲರು.

ಮನೆಗೆ ಬಂದವರಿಗೆ ಚಹಾ ಕೊಡುವುದು ನಮ್ಮಲ್ಲಿಯೂ ವಾಡಿಕೆ. ಆದರೆ ಜಪಾನಿನಲ್ಲಿ ಇದು ವಾಡಿಕೆಯ ಮಟ್ಟವನ್ನು ದಾಟಿ ಒಂದು ಸಾಧನೆಯಾಯಿತು. ಇದನ್ನು ಅಲ್ಲಿಯವರು ‘ಚಾನೊಯು’ ಎನ್ನುತ್ತಾರೆ. ಚಹಾಕ್ಕಾಗಿ ಕಾಯಿಸಿದ ಬಿಸಿನೀರು ಎಂದಷ್ಟೇ ಅದರ ಅರ್ಥ. ‘ಚಾದೊ’, ಎಂದರೆ ಚಹಾದ ಮಾರ್ಗ, ಎಂಬುದು ಅದರ ಇನ್ನೊಂದು ಹೆಸರು. ಕ್ರಿ.ಶ. 1191ರಲ್ಲಿ ಐಸೈ ಎಂಬ ಬೌದ್ಧ ಭಿಕ್ಷುವು ಚೀನಾದಿಂದ ಮರಳುವಾಗ ಚಹಾದ ಬೀಜಗಳನ್ನೂ, ಎಲೆಯನ್ನು ಹಿಟ್ಟಿನಂತೆ ಅರೆದು ಬಿಸಿನೀರಿನಲ್ಲಿ ಕಡೆದು ಕುಡಿಯುವ ಪದ್ಧತಿಯನ್ನೂ ತಂದನೆಂದು ಪ್ರತೀತಿ. ಧ್ಯಾನಕ್ಕೆ ಕುಳಿತ ಝೆನ್ ಭಿಕ್ಷುಗಳಿಗೆ ನಿದ್ದೆ ಬಾರದಂತೆ ಕಾಯುವ ಪಾನೀಯವಾಗಿ ಅದು ಮೊದಲು ವಿಹಾರಗಳಲ್ಲಿ ನೆಲೆಸಿತು. ಕಾಲಕ್ರಮೇಣ ಸಾಮಂತರ ಭವನಗಳನ್ನು ಪ್ರವೇಶಿಸಿ, ಅಲ್ಲಿ ಚೀನಾದ ಬೆಲೆಬಾಳುವ ಪಾತ್ರೆಗಳ ಪ್ರದರ್ಶನಕ್ಕೂ, ಯಾವ ಚಹಾ ಯಾವ ತೋಟದ್ದೆಂದು ಪಣವೊಡ್ಡಿ ಗುರುತಿಸುವ ವಿನೋದಕ್ಕೂ ಸಾಧನವಾಯಿತು. ಹದಿನೈದನೆಯ ಶತಮಾನದಲ್ಲಿ ಮುರತ ಜುಕೊ ಎಂಬಾತನು ಈ ಆಡಂಬರದಿಂದ ಚಹಾವನ್ನು ಬಿಡಿಸಿ, ಸಣ್ಣ ಕೋಣೆಗೂ ಸರಳವಾದ ಪಾತ್ರೆಗಳಿಗೂ ಅದನ್ನು ಕರೆತಂದನು. ಬಡತನದಲ್ಲಿಯೂ ಒಂದು ಚೆಲುವಿದೆ, ಕೊರತೆಯಲ್ಲಿಯೂ ಒಂದು ತೃಪ್ತಿಯಿದೆ ಎಂಬ ಈ ಭಾವಕ್ಕೆ ಜಪಾನೀಯರು ‘ವಾಬಿ’ ಎಂದು ಹೆಸರಿಟ್ಟರು. ಆ ಭಾವವನ್ನು ಅದರ ತುತ್ತತುದಿಗೆ ಕೊಂಡೊಯ್ದವನೇ ರಿಕ್ಯೂ.

ಆತನು 1522ರಲ್ಲಿ ಇಂದಿನ ಒಸಾಕಾ ನಗರಕ್ಕೆ ಸಮೀಪದ ಸಕಾಯ್ ಎಂಬ ಬಂದರು ಪಟ್ಟಣದಲ್ಲಿ ಜನಿಸಿದನು. ಬಾಲ್ಯದ ಹೆಸರು ಯೊಶಿರೊ. ತಂದೆ ತನಕ ಯೊಹ್ಯೋಯೆ ಮೀನಿನ ಸಗಟು ವ್ಯಾಪಾರಿ. ಅಂದಿನ ಸಕಾಯ್ ವರ್ತಕರು ತಾವೇ ಆಡಳಿತ ನಡೆಸುತ್ತಿದ್ದ ಶ್ರೀಮಂತ ಪಟ್ಟಣ. ಹೊರಗೆ ನಾಡೆಲ್ಲ ಸಾಮಂತರ ಕಾದಾಟದಿಂದ ಉರಿಯುತ್ತಿದ್ದರೂ ಒಳಗೆ ವ್ಯಾಪಾರವೂ ಕಲೆಗಳೂ ಬೆಳೆಯುತ್ತಿದ್ದವು. ಅಲ್ಲಿ ವರ್ತಕರ ಮಕ್ಕಳಿಗೆ ಚಹಾವಿದ್ಯೆಯು ಅಕ್ಷರಾಭ್ಯಾಸದಷ್ಟೇ ಅವಶ್ಯವಾದ ಸಂಸ್ಕಾರವೆನಿಸಿತ್ತು. ಬಾಲಕನು ಮೊದಲು ಕಿತಮುಕಿ ದೊಚಿನ್ ಎಂಬ ಗುರುವಿನ ಬಳಿ ಅಭ್ಯಾಸ ಮಾಡಿ, ಅನಂತರ ಇನ್ನೂ ಇಪ್ಪತ್ತು ತುಂಬುವ ಮೊದಲೇ ಸುಪ್ರಸಿದ್ಧನಾದ ತಕೆನೊ ಜೊಓನ ಶಿಷ್ಯನಾದನು. ಝೆನ್ ಸಾಧನೆಯನ್ನೂ ಕೈಗೊಂಡು ಸೊಎಕಿ ಎಂಬ ಹೆಸರನ್ನು ಪಡೆದನು.

ಶಿಷ್ಯವೃತ್ತಿಯ ಈ ದಿನಗಳ ಬಗೆಗೆ ಒಂದು ಐತಿಹ್ಯವಿದೆ. ಗುರುವು ತರುಣನಿಗೆ ತೋಟವನ್ನು ಗುಡಿಸಲು ಹೇಳಿದನಂತೆ. ತೋಟವು ಮೊದಲೇ ಗುಡಿಸಲ್ಪಟ್ಟು ಒಂದು ಕಸಕಡ್ಡಿಯೂ ಇಲ್ಲದಂತಿತ್ತು. ತರುಣನು ಸುತ್ತಲೂ ನೋಡಿ, ಒಂದು ಮರದ ಬಳಿ ಹೋಗಿ ಅದನ್ನು ಮೆಲ್ಲನೆ ಅಲುಗಿಸಿದನು. ಕೆಲವು ಎಲೆಗಳು ಉದುರಿ ನೆಲದ ಮೇಲೆ ಹರಡಿದವು. ಗುರುವಿಗೆ ತಾನು ಪಡೆದ ಶಿಷ್ಯನು ಎಂಥವನೆಂಬುದು ತಿಳಿಯಿತು. ಈ ಕಥೆಯನ್ನು ಹಲವರು ಹಲವು ಬಗೆಯಾಗಿ ಹೇಳುವುದುಂಟು. ಶುಚಿತ್ವವು ಮನುಷ್ಯನ ಕೈಗೆ ಸೇರಿದ್ದು, ಜೀವಕಳೆಯು ಪ್ರಕೃತಿಗೆ ಸೇರಿದ್ದು. ಎರಡೂ ಕೂಡಿದಲ್ಲಿ ಮಾತ್ರ ಚೆಲುವು ಪೂರ್ಣವಾಗುತ್ತದೆ ಎಂಬುದೇ ಅದರ ಸಾರ.

ಈ ವಿದ್ಯೆಯನ್ನು ಹೊಸದಾಗಿ ಕಲಿಯಹೊರಟವನ ಪಾಡು ಹೇಗಿರುತ್ತದೆಂಬುದನ್ನು ಇಲ್ಲಿ ಸ್ವಲ್ಪ ವಿವರಿಸುವುದು ಉಚಿತ. ರಿಕ್ಯೂವಿನ ವಂಶಜರ ಮನೆಗಳಲ್ಲಿ ಇಂದಿಗೂ ಅಭ್ಯಾಸದ ಕ್ರಮ ನಿಧಾನವಾದುದು. ಬಂದ ದಿನವೇ ಚಹಾ ಮಾಡುವುದಕ್ಕೆ ಹೊಸಬನಿಗೆ ಅವಕಾಶವಿಲ್ಲ. ಮೊದಲು ನಮಸ್ಕರಿಸುವುದನ್ನು ಕಲಿಯಬೇಕು. ಜಾರುಬಾಗಿಲನ್ನು ಕುಳಿತೇ ತೆರೆಯುವುದನ್ನು, ಚಾಪೆಯ ಅಂಚನ್ನು ತುಳಿಯದೆ ನಡೆಯುವುದನ್ನು, ರೇಷ್ಮೆಯ ವಸ್ತ್ರವನ್ನು ಮಡಿಸಿ ಪಾತ್ರೆ ಒರೆಸುವುದನ್ನು ಬಿಡಿಬಿಡಿಯಾಗಿ ಅಭ್ಯಾಸ ಮಾಡಬೇಕು. ಮೊಣಕಾಲು ಮಡಿಸಿ ಹಿಮ್ಮಡಿಯ ಮೇಲೆ ಕುಳಿತ ಕಾಲುಗಳು ಸ್ವಲ್ಪ ಹೊತ್ತಿನಲ್ಲೇ ಜೋಮು ಹಿಡಿಯುತ್ತವೆ. ಬಲಗೈ ಮಾಡುವ ಕೆಲಸವನ್ನು ಎಡಗೈ ಮರೆಯುತ್ತದೆ. ಬಿದಿರಿನ ಸೌಟನ್ನು ಹಂಡೆಯ ಮೇಲೆ ಇಡುವಾಗ ಸದ್ದಾಗುತ್ತದೆ. ಬಿದಿರಿನ ಒಂದೇ ತುಂಡನ್ನು ಕೂದಲೆಳೆಯಂತೆ ಸೀಳಿ ಮಾಡಿದ ಕಡಗೋಲಿನಿಂದ ಹಸಿರು ಚಹಾಪುಡಿಯನ್ನು ಕಡೆಯಹೊರಟರೆ, ನೊರೆ ಬರುವ ಬದಲು ಗಂಟುಗಳು ಉಳಿಯುತ್ತವೆ.

ಅತಿಥಿಯಾಗಿ ಕುಳಿತರೂ ಕಲಿಕೆಯು ತಪ್ಪಿದ್ದಲ್ಲ. ಮೊದಲು ಸಿಹಿಯನ್ನು ತಿನ್ನಬೇಕು. ಬಟ್ಟಲು ಎದುರಿಗೆ ಬಂದಾಗ ಪಕ್ಕದಲ್ಲಿ ಕುಳಿತವರ ಅಪ್ಪಣೆ ಬೇಡಿ, ಕೊಟ್ಟವರಿಗೆ ವಂದಿಸಿ, ಅದನ್ನು ಎಡ ಅಂಗೈಯಲ್ಲಿರಿಸಿ ಬಲಗೈಯಿಂದ ತಿರುಗಿಸಬೇಕು. ಬಟ್ಟಲಿನ ಚೆಲುವಾದ ಮುಖವನ್ನು ಕೊಡುವವನು ಅತಿಥಿಯ ಕಡೆಗೆ ತಿರುಗಿಸಿ ಇಟ್ಟಿರುತ್ತಾನೆ. ಆ ಮುಖಕ್ಕೆ ತುಟಿ ತಾಗಿಸಬಾರದೆಂದು ಅತಿಥಿಯು ಅದನ್ನು ಅತ್ತ ಸರಿಸಿ ಕುಡಿಯುತ್ತಾನೆ. ಮೊದಮೊದಲು ಹೊಸಬನಿಗೆ ಇವೆಲ್ಲ ಅರ್ಥವಿಲ್ಲದ ಕಟ್ಟುಪಾಡುಗಳಾಗಿ ತೋರುವುದು ಸಹಜ. ಆದರೆ ತಿಂಗಳುಗಳು ಕಳೆದಂತೆ ಕೈಗೆ ಚಲನೆ ಒಗ್ಗಿ, ಮನಸ್ಸಿಗೆ ಬಿಡುವು ದೊರೆಯುತ್ತದೆ. ಆಗ ಹಂಡೆಯಲ್ಲಿ ನೀರು ಕುದಿಯುವ ದನಿ ಕೇಳಿಸತೊಡಗುತ್ತದೆ, ಎದುರಿನವರ ಬಾಯಾರಿಕೆ ಕಣ್ಣಿಗೆ ಕಾಣತೊಡಗುತ್ತದೆ. ಕಟ್ಟುಪಾಡಿನ ಗುರಿ ಅದೇ ಆಗಿತ್ತೆಂಬುದು ಆಗ ಅರಿವಾಗುತ್ತದೆ.

ರಿಕ್ಯೂ ಈ ಅರಿವನ್ನು ಮಣ್ಣಿನಲ್ಲಿಯೂ ಬಿದಿರಿನಲ್ಲಿಯೂ ಮೂಡಿಸಿದನು. ಕ್ಯೋಟೊ ನಗರದ ಹೊರವಲಯದ ಯಮಜಾಕಿಯ ಮ್ಯೋಕಿಅನ್ ವಿಹಾರದಲ್ಲಿ ತೈಅನ್ ಎಂಬ ಚಹಾಗೃಹವಿದೆ. ಆತನ ಕೃತಿಯೆಂದು ಪ್ರಸಿದ್ಧವಾಗಿ ಇಂದು ಉಳಿದಿರುವುದು ಅದೊಂದೇ. ಜಪಾನ್ ಸರಕಾರವು ಅದನ್ನು ರಾಷ್ಟ್ರೀಯ ನಿಧಿಯೆಂದು ಘೋಷಿಸಿದೆ. ಅದರೊಳಗಿನ ಸ್ಥಳ ಕೇವಲ ಎರಡು ಚಾಪೆಯಷ್ಟು, ಎಂದರೆ ಸುಮಾರು ಆರು ಅಡಿ ಉದ್ದ, ಆರು ಅಡಿ ಅಗಲ. ಮಣ್ಣಿನ ಗೋಡೆ, ಕಾಗದ ಹಚ್ಚಿದ ಸಣ್ಣ ಕಿಟಕಿ, ಮೂಲೆಯಲ್ಲಿ ಇದ್ದಿಲಿನ ಒಲೆಗುಳಿ. ಇಂಥ ಗೃಹಗಳಿಗೆ ಆತನು ಇರಿಸಿದ ಬಾಗಿಲು ಇನ್ನೂ ವಿಶೇಷವಾದುದು. ‘ನಿಜಿರಿಗುಚಿ’ ಎಂಬ ಈ ಕಿರುಬಾಗಿಲು ಸಾಮಾನ್ಯವಾಗಿ ಎರಡು ಅಡಿಗಿಂತ ಸ್ವಲ್ಪ ಹೆಚ್ಚು ಎತ್ತರ, ಅಷ್ಟೇ ಅಗಲ. ಒಳಗೆ ಹೋಗುವವನು ಮೊಣಕಾಲೂರಿ, ತಲೆ ತಗ್ಗಿಸಿ, ಕೈಯೂರಿ ನುಸುಳಬೇಕು. ಸೊಂಟದಲ್ಲಿ ಉದ್ದನೆಯ ಖಡ್ಗವಿದ್ದರೆ ನುಸುಳಲಾಗದು; ಅದನ್ನು ಹೊರಗಣ ಕಟ್ಟೆಯ ಮೇಲೆ ಇಟ್ಟೇ ಬರಬೇಕು. ಪ್ರಭುವಿಗೂ ಬೇರೆ ಬಾಗಿಲಿಲ್ಲ, ವರ್ತಕನಿಗೂ ಬೇರೆ ಬಾಗಿಲಿಲ್ಲ. ಹುಟ್ಟಿನ ಅಂತಸ್ತು ಮನುಷ್ಯನ ಉಡುಪು, ಊಟ, ಮಾತು ಎಲ್ಲವನ್ನೂ ಗೊತ್ತುಪಡಿಸುತ್ತಿದ್ದ ಕಾಲದಲ್ಲಿ ಆ ಬಾಗಿಲು ಸದ್ದಿಲ್ಲದೆ ಒಂದು ಕ್ರಾಂತಿಯನ್ನೇ ಮಾಡಿತು. ಅದರೊಳಗೆ ಕಾಲಿಟ್ಟವರೆಲ್ಲರೂ ಆ ಹೊತ್ತಿಗೆ ಹೊಸಬರೇ ಆಗುತ್ತಿದ್ದರು.

ಪಾತ್ರೆಗಳ ವಿಷಯದಲ್ಲಿಯೂ ಆತನ ದೃಷ್ಟಿ ಹೀಗೆಯೇ ಇತ್ತು. ಚೋಜಿರೊ ಎಂಬ ಹೆಂಚುಗಾರನಿಂದ ಆತನು ಚಹಾದ ಬಟ್ಟಲುಗಳನ್ನು ಮಾಡಿಸಿದನು. ಕುಂಬಾರನ ತಿಗರಿಯನ್ನು ಬಳಸದೆ ಕೈಯಿಂದಲೇ ರೂಪಿಸಿದ, ಕಪ್ಪು ಅಥವಾ ಕೆಂಪು ಬಣ್ಣದ, ಚಿತ್ರವಿಲ್ಲದ ಬಟ್ಟಲುಗಳು ಅವು. ರಾಕು ಎಂಬ ಹೆಸರಿನಿಂದ ಆ ಕುಶಲ ಪರಂಪರೆಯು ಇಂದಿಗೂ ನಡೆದುಬಂದಿದೆ. ಬಿದಿರನ್ನು ಕಡಿದು ಆತನು ತನ್ನ ಕೈಯಾರೆ ಹೂದಾನಿ ಮಾಡಿದನು. ಹಾಗೆ ಮಾಡಿದ ಒಂದರಲ್ಲಿ ಸೀಳು ಬಿಟ್ಟಿತ್ತು. ಅದನ್ನೂ ಎಸೆಯದೆ ಬಳಸಿದನು. ಒನ್‌ಜೋಜಿ ಎಂಬ ಹೆಸರಿನ ಆ ಹೂದಾನಿ ಇಂದಿಗೂ ಉಳಿದಿದೆ. ಚೀನಾದ ಒಂದು ಭರಣಿಗಾಗಿ ಸಾಮಂತರು ಕೋಟೆಯ ಬೆಲೆಯನ್ನೇ ತೆರಲು ಸಿದ್ಧರಿದ್ದ ಕಾಲದಲ್ಲಿ, ಹಿತ್ತಲಿನ ಬಿದಿರಿಗೂ ಊರಿನ ಮಣ್ಣಿಗೂ ಆತನು ಗೌರವದ ಸ್ಥಾನವನ್ನು ದೊರಕಿಸಿಕೊಟ್ಟನು.

ಇಷ್ಟು ಸರಳತೆಯನ್ನು ಬೋಧಿಸಿದವನು ಬಾಳಿದ್ದು ಮಾತ್ರ ಅಧಿಕಾರದ ನೆರಳಿನಲ್ಲಿ. 1568ರಲ್ಲಿ ಓದಾ ನೊಬುನಾಗ ಎಂಬ ಪರಾಕ್ರಮಿಯು ಕ್ಯೋಟೊವನ್ನು ಪ್ರವೇಶಿಸಿ, ಬೇಗನೆ ಸಕಾಯ್ ಪಟ್ಟಣವನ್ನೂ ತನ್ನ ವಶಕ್ಕೆ ತಂದುಕೊಂಡನು. ಆ ಪಟ್ಟಣದ ಇಮಾಯ್ ಸೊಕ್ಯೂ, ತ್ಸುದ ಸೊಗ್ಯೂ ಎಂಬ ಇಬ್ಬರು ವರ್ತಕರ ಜೊತೆಗೆ ಸೊಎಕಿಯನ್ನೂ ತನ್ನ ಚಹಾ ಆಚಾರ್ಯರನ್ನಾಗಿ ನೇಮಿಸಿಕೊಂಡನು. 1582ರಲ್ಲಿ ನೊಬುನಾಗ ತನ್ನ ಸೇನಾನಿಯೊಬ್ಬನ ದ್ರೋಹದಿಂದ ಮಡಿದಾಗ, ಅಧಿಕಾರವು ತೊಯೊತೊಮಿ ಹಿದೆಯೋಶಿಯ ಕೈಗೆ ಬಂದಿತು. ಹಿದೆಯೋಶಿಯು ಕೆಳವರ್ಗದಲ್ಲಿ ಹುಟ್ಟಿ, ಬುದ್ಧಿಬಲದಿಂದಲೂ ಸಾಹಸದಿಂದಲೂ ಮೇಲೇರಿದವನು. ಅವನಿಗೆ ಚಹಾದ ಮೇಲೆ ನಿಜವಾದ ಪ್ರೀತಿಯಿತ್ತು. ಅದರಿಂದ ದೊರೆಯುವ ಪ್ರತಿಷ್ಠೆಯ ಮೇಲೆ ಅದಕ್ಕಿಂತ ಹೆಚ್ಚಿನ ಪ್ರೀತಿಯಿತ್ತು. 1585ರಲ್ಲಿ ಅವನು ಸಾರ್ವಭೌಮ ಓಗಿಮಾಚಿಗೆ ಅರಮನೆಯಲ್ಲಿ ಚಹಾ ಅರ್ಪಿಸಿದಾಗ ಸೊಎಕಿಯು ನೆರವಾದನು. ಸಾಮಾನ್ಯ ವರ್ತಕನಿಗೆ ಅರಮನೆಯ ಪ್ರವೇಶವಿಲ್ಲದ್ದರಿಂದ ಆ ಸಂದರ್ಭಕ್ಕಾಗಿ ಸಾರ್ವಭೌಮನಿಂದ ಒಂದು ಧಾರ್ಮಿಕ ನಾಮಧೇಯ ದೊರೆಯಿತು. ಇತಿಹಾಸವು ಆತನನ್ನು ಗುರುತಿಸುವ ರಿಕ್ಯೂ ಎಂಬ ಹೆಸರು ಅದೇ. ಅಂದಿಗೆ ಆತನ ವಯಸ್ಸು ಅರುವತ್ತನ್ನು ದಾಟಿತ್ತು.

ಗುರುವಿನ ಮತ್ತು ಪ್ರಭುವಿನ ಅಭಿರುಚಿಗಳು ಉತ್ತರ ದಕ್ಷಿಣ. ಹಿದೆಯೋಶಿಯು ಗೋಡೆಗಳೆಲ್ಲ ಚಿನ್ನದ ತಗಡಿನಿಂದ ಹೊಳೆಯುವ, ಬಿಚ್ಚಿ ಜೋಡಿಸಬಹುದಾದ ಚಹಾಗೃಹವೊಂದನ್ನು ಮಾಡಿಸಿ 1586ರಲ್ಲಿ ಅರಮನೆಗೆ ಸಾಗಿಸಿ ಪ್ರದರ್ಶಿಸಿದನು. ರಿಕ್ಯೂವಿಗೆ ಪ್ರಿಯವಾದ ಕಪ್ಪು ಬಟ್ಟಲು ಅವನಿಗೆ ಹಿಡಿಸುತ್ತಿರಲಿಲ್ಲ. ಹೀಗಿದ್ದರೂ ಅವರಿಬ್ಬರನ್ನು ಒಂದು ಆಕರ್ಷಣೆ ಬಂಧಿಸಿತ್ತು. ರಿಕ್ಯೂವಿನ ತೋಟದಲ್ಲಿ ಮುಂಜಾವಿನ ಬಳ್ಳಿಹೂಗಳು ಸೊಗಸಾಗಿ ಅರಳಿವೆಯೆಂದು ಕೇಳಿ ಪ್ರಭುವು ಬೆಳಗಿನ ಜಾವದಲ್ಲಿ ಬಂದನೆಂದೂ, ತೋಟದಲ್ಲಿ ಒಂದು ಹೂವೂ ಕಾಣದೆ ಸಿಟ್ಟಾದನೆಂದೂ, ಕಿರುಬಾಗಿಲಿನಿಂದ ಒಳಗೆ ನುಸುಳಿದಾಗ ಮಬ್ಬುಗತ್ತಲೆಯಲ್ಲಿ ಒಂದೇ ಒಂದು ಹೂವು ನಿಂತಿರುವುದನ್ನು ಕಂಡು ಬೆರಗಾದನೆಂದೂ ಪ್ರಸಿದ್ಧವಾದ ಕಥೆಯಿದೆ. ಆ ಒಂದನ್ನು ಕಾಣಿಸುವುದಕ್ಕಾಗಿ ಗುರುವು ಉಳಿದವೆಲ್ಲವನ್ನೂ ಕೀಳಿಸಿದ್ದನು.

1587ರಲ್ಲಿ ಕ್ಯೋಟೊದ ಕಿತಾನೊ ದೇವಾಲಯದ ಆವರಣದಲ್ಲಿ ಒಂದು ಮಹಾ ಚಹಾಕೂಟ ನೆರೆಯಿತು. ವರ್ತಕರು, ರೈತರು, ಸೇವಕರು ಯಾರಾದರೂ ಒಂದು ಹಂಡೆ, ಒಂದು ಬಟ್ಟಲು ಹಿಡಿದು ಬರಬಹುದೆಂದು ಡಂಗುರ ಸಾರಲಾಯಿತು. ಚಹಾಪುಡಿ ಕೊಳ್ಳಲಾರದವರು ಹುರಿದ ಧಾನ್ಯದ ಹಿಟ್ಟನ್ನು ಕಲಸಿ ಕೊಟ್ಟರೂ ಸಲ್ಲುವುದಾಗಿತ್ತು. ಹಿದೆಯೋಶಿ, ರಿಕ್ಯೂ ಮೊದಲಾದವರು ತಮ್ಮ ಕೈಯಿಂದಲೇ ಚಹಾ ನೀಡಿದರು. ಹತ್ತು ದಿನ ನಡೆಯಬೇಕಾಗಿದ್ದ ಕೂಟವು ಒಂದೇ ದಿನಕ್ಕೆ ನಿಂತುಹೋಯಿತು. ನಿಂತರೂ, ಆ ಒಂದು ದಿನ ಮಾತ್ರ ಕಿರುಬಾಗಿಲಿನ ತತ್ತ್ವವು ಬಯಲಿಗೆ ಬಂದು ನಾಡಿಗೆಲ್ಲ ತೆರೆದುಕೊಂಡಿತು.

ಇದೇ ಕಾಲದಲ್ಲಿ ರಿಕ್ಯೂವಿನ ಪ್ರಭಾವವು ಚಹಾಗೃಹವನ್ನು ಮೀರಿ ಬೆಳೆದಿತ್ತು. 1586ರಲ್ಲಿ ಕ್ಯೂಶೂ ದ್ವೀಪದ ಸಾಮಂತನಾದ ಓತೊಮೊ ಸೊರಿನ್ ಒಸಾಕಾಕ್ಕೆ ಬಂದಾಗ, ಹಿದೆಯೋಶಿಯ ತಮ್ಮನಾದ ಹಿದೆನಾಗನು ಅವನಿಗೆ ಒಂದು ಸೂಚನೆ ಕೊಟ್ಟನು. ರಾಜ್ಯದ ಬಹಿರಂಗ ವಿಷಯಗಳಿಗೆ ತನ್ನನ್ನೂ, ಅಂತರಂಗದ ವಿಷಯಗಳಿಗೆ ರಿಕ್ಯೂವನ್ನೂ ಕಾಣಬೇಕೆಂಬುದೇ ಆ ಸೂಚನೆ. ಸಾಮಂತರು ಆತನ ಶಿಷ್ಯರಾಗಲು ಹಾತೊರೆಯುತ್ತಿದ್ದರು. ಆತನು ಮೆಚ್ಚಿದ ಪಾತ್ರೆಗೆ ಬೆಲೆ ಏರುತ್ತಿತ್ತು. ಕಲಿಸುವವನಿಗೆ ಇದಕ್ಕಿಂತ ದೊಡ್ಡ ಪರೀಕ್ಷೆಯಿಲ್ಲ.

ಆ ವೈಭವದ ನಡುವೆಯೂ ಆತನ ಬೋಧನೆ ಹೇಗಿತ್ತೆಂಬುದಕ್ಕೆ ಪರಂಪರೆಯು ಕಾಯ್ದುಕೊಂಡು ಬಂದ ಒಂದು ಪ್ರಸಂಗ ನಿದರ್ಶನ. ಚಹಾವಿದ್ಯೆಯ ರಹಸ್ಯವೇನೆಂದು ಒಬ್ಬನು ಕೇಳಿದನು. ರಿಕ್ಯೂ ಬೇಸಗೆಯಲ್ಲಿ ತಂಪನ್ನೂ ಚಳಿಗಾಲದಲ್ಲಿ ಬೆಚ್ಚನೆಯ ಭಾವವನ್ನೂ ಒದಗಿಸುವುದು, ನೀರು ಕುದಿಯುವಂತೆ ಇದ್ದಿಲನ್ನು ಜೋಡಿಸುವುದು, ಕುಡಿಯುವವರಿಗೆ ಹಿತವಾಗುವಂತೆ ಚಹಾ ಮಾಡುವುದು ಮುಂತಾದ ನಿತ್ಯದ ಸಂಗತಿಗಳನ್ನೇ ಎಣಿಸಿ ಹೇಳಿದನು. ಕೇಳಿದವನಿಗೆ ನಿರಾಶೆಯಾಯಿತು, ಇವು ಯಾರಿಗೆ ತಿಳಿಯದ ವಿಷಯಗಳೆಂದು ಅಸಮಾಧಾನಪಟ್ಟನು. ಇವನ್ನು ತಪ್ಪದೆ ನಡೆಸಬಲ್ಲವನಾದರೆ ತಾನೇ ಅವನ ಶಿಷ್ಯನಾಗುವೆನೆಂದು ರಿಕ್ಯೂ ವಿನಯದಿಂದ ತಿಳಿಸಿದನು. ತಿಳಿಯುವುದಕ್ಕೂ ನಡೆಸುವುದಕ್ಕೂ ಇರುವ ಅಂತರವನ್ನು ಬಲ್ಲವನು ಎಷ್ಟು ವೃದ್ಧನಾದರೂ ಹೊಸಬನಾಗಿಯೇ ಉಳಿಯುತ್ತಾನೆ.

ಇನ್ನು ಹೆಬ್ಬಾಗಿಲಿನ ಪ್ರಸಂಗ. ಕ್ಯೋಟೊದ ದೈತೊಕುಜಿ ಎಂಬ ಮಹಾವಿಹಾರದೊಡನೆ ರಿಕ್ಯೂವಿಗೆ ದೀರ್ಘಕಾಲದ ಭಕ್ತಿಸಂಬಂಧವಿತ್ತು. ಅಲ್ಲಿಯ ಹೆಬ್ಬಾಗಿಲು ಬಹುಕಾಲದಿಂದ ಒಂದೇ ಅಂತಸ್ತಿನಲ್ಲಿ ಅಪೂರ್ಣವಾಗಿ ನಿಂತಿತ್ತು. ರಿಕ್ಯೂ ತನ್ನ ಹಣವನ್ನಿತ್ತು 1589ರಲ್ಲಿ ಅದರ ಮೇಲಂತಸ್ತನ್ನು ಕಟ್ಟಿಸಿ ಪೂರ್ಣಗೊಳಿಸಿದನು. ದಾನಿಯ ಉಪಕಾರವನ್ನು ಸ್ಮರಿಸಿ ವಿಹಾರದವರು ಆತನ ಮರದ ಪ್ರತಿಮೆಯೊಂದನ್ನು ಆ ಮೇಲಂತಸ್ತಿನಲ್ಲಿ ಇರಿಸಿದರು. ಪ್ರತಿಮೆಯ ಕಾಲಿನಲ್ಲಿ ಪಾದರಕ್ಷೆಗಳಿದ್ದವು. ದಾನವೂ ಸದ್ಭಾವದ್ದು, ಕೃತಜ್ಞತೆಯೂ ಸದ್ಭಾವದ್ದು. ಆದರೆ ಆ ಹೆಬ್ಬಾಗಿಲಿನ ಕೆಳಗೆ ಹಾದುಹೋಗುವವರಲ್ಲಿ ಹಿದೆಯೋಶಿಯೂ ಒಬ್ಬನು, ಸಾರ್ವಭೌಮನ ದೂತರೂ ಕೆಲವರು. ಅವರೆಲ್ಲರ ತಲೆಯ ಮೇಲೆ ಒಬ್ಬ ವರ್ತಕನ ಪಾದರಕ್ಷೆ! ಎಲ್ಲರೂ ತಲೆ ತಗ್ಗಿಸುವಂತೆ ಕಿರುಬಾಗಿಲನ್ನು ಇರಿಸಿದಾಗ ತಾನೂ ಅದೇ ಬಾಗಿಲಿನೊಳಗಿನ ಸೇವಕನಾಗಿದ್ದವನು, ಈಗ ಹೆಬ್ಬಾಗಿಲಿನ ಮೇಲೆ ನಿಂತನು. ಆತನು ತಾನಾಗಿ ಅಲ್ಲಿ ಏರಲಿಲ್ಲ. ಇತರರ ಕೃತಜ್ಞತೆಯು ಆತನನ್ನು ಏರಿಸಿತು. ಆದರೂ ಎತ್ತರವು ಎತ್ತರವೇ.

1591ರ ಆದಿಯಲ್ಲಿ ಆತನಿಗೆ ಆಸರೆಯಾಗಿದ್ದ ಹಿದೆನಾಗನು ತೀರಿಕೊಂಡನು. ಅದಾದ ಕೆಲವೇ ವಾರಗಳಲ್ಲಿ ಪ್ರತಿಮೆಯ ಅಪರಾಧವನ್ನೂ, ಪಾತ್ರೆಗಳನ್ನು ಅಧಿಕ ಬೆಲೆಗೆ ಮಾರಿದನೆಂಬ ದೋಷವನ್ನೂ ಆತನ ಮೇಲೆ ಹೊರಿಸಲಾಯಿತು. ನಿಜವಾದ ಕಾರಣವೇನೆಂಬುದನ್ನು ವಿದ್ವಾಂಸರು ಇಂದಿಗೂ ಚರ್ಚಿಸುತ್ತಾರೆ. ಹಿಂದಿನ ವರ್ಷವಷ್ಟೇ ಆತನ ಹಿರಿಯ ಶಿಷ್ಯನಾದ ಯಮನೊಉಯೆ ಸೊಜಿಯನ್ನು ಹಿದೆಯೋಶಿಯು ಕ್ರೂರವಾಗಿ ಕೊಲ್ಲಿಸಿದ್ದನು. ಗುರುವಿನ ಮೇಲಣ ಮುನಿಸೂ ಒಳಗೊಳಗೆ ಬೆಳೆದಿದ್ದಿರಬೇಕು. ರಿಕ್ಯೂವಿಗೆ ಸಕಾಯ್ ಪಟ್ಟಣಕ್ಕೆ ಹೋಗಿ ಮನೆಯಲ್ಲಿಯೇ ಇರುವಂತೆ ಆಜ್ಞೆಯಾಯಿತು. ಪ್ರಭುವಿನ ಕೋಪಕ್ಕೆ ಹೆದರಿ ಎಲ್ಲರೂ ದೂರ ಸರಿದರು. ಯೊದೊ ನದಿಯ ದಡಕ್ಕೆ ಬಂದು ಬೀಳ್ಕೊಟ್ಟವರು ಇಬ್ಬರೇ ಶಿಷ್ಯರು, ಹೊಸೊಕಾವ ತದಾಓಕಿ ಮತ್ತು ಫುರುತ ಒರಿಬೆ. ಪ್ರಭುವಿನ ತಾಯಿಯ ಮತ್ತು ಪತ್ನಿಯ ಮೂಲಕ ಕ್ಷಮೆ ಬೇಡಬಹುದೆಂದು ಹಿತೈಷಿಗಳು ಸೂಚಿಸಿದರೂ ಆತನು ಒಪ್ಪಲಿಲ್ಲವೆಂದು ಹೇಳುತ್ತಾರೆ. ಹೆಬ್ಬಾಗಿಲಿನ ಪ್ರತಿಮೆಯನ್ನು ಇಳಿಸಿ ಕ್ಯೋಟೊದ ಸೇತುವೆಯೊಂದರ ಬಳಿ ಶಿಲುಬೆಗೇರಿಸಿ ಜನರಿಗೆ ತೋರಿಸಿದರು.

ಅನಂತರ ಆತನನ್ನು ಕ್ಯೋಟೊಗೆ ಮರಳಿ ಕರೆಸಿ, ಹೊಟ್ಟೆ ಸೀಳಿಕೊಂಡು ಪ್ರಾಣಬಿಡುವಂತೆ ಆಜ್ಞಾಪಿಸಲಾಯಿತು. 1591ರ ಏಪ್ರಿಲ್ 21, ಅಲ್ಲಿಯ ಪಂಚಾಂಗದಂತೆ ಎರಡನೆಯ ತಿಂಗಳ 28ನೆಯ ದಿನ. ಮನೆಯನ್ನು ಸೈನಿಕರು ಸುತ್ತುವರಿದಿದ್ದರು. ತನ್ನ ಮರಣಕ್ಕೆ ಸಾಕ್ಷಿಗಳಾಗಿ ಬಂದವರಿಗೆ ಆತನು ಎಂದಿನಂತೆ ಚಹಾ ಮಾಡಿ ಕೊಟ್ಟನೆಂಬುದು ಪರಂಪರೆಯ ನಂಬಿಕೆ. ಅಲ್ಲಿಯ ಗಣನೆಯಂತೆ ಆಗ ಆತನಿಗೆ 70 ವರ್ಷ. ಆತನು ಕೊನೆಯಲ್ಲಿ ಬಿದಿರಿನಿಂದ ಕೆತ್ತಿದ ಚಹಾಪುಡಿಯ ಸಣ್ಣ ಚಮಚವೊಂದು ಒರಿಬೆಗೆ ಸೇರಿತು. ಆ ಶಿಷ್ಯನು ಅದಕ್ಕೆ ಕಿಟಕಿಯಂತೆ ತೆರಪುಳ್ಳ ಕೊಳವೆಯೊಂದನ್ನು ಮಾಡಿಸಿ, ಅದರೊಳಗಿಟ್ಟು ಗುರುವಿನ ಸ್ಮಾರಕದಂತೆ ಪೂಜಿಸಿದನು. ‘ಕಣ್ಣೀರು’ ಎಂಬ ಅರ್ಥದ ಹೆಸರು ಹೊತ್ತ ಆ ಚಮಚವು ಇಂದು ನಗೋಯಾ ನಗರದ ತೊಕುಗಾವ ವಸ್ತುಸಂಗ್ರಹಾಲಯದಲ್ಲಿದೆ.

ಆಜ್ಞಾಪಿಸಿದ ಹಿದೆಯೋಶಿಯು 1598ರಲ್ಲಿ ತೀರಿಕೊಂಡನು. 1615ರ ವೇಳೆಗೆ ಅವನ ವಂಶವೂ ಅಧಿಕಾರವೂ ಅಳಿದವು. ರಿಕ್ಯೂವಿನ ಮನೆತನ ಚದರಿ ಹೋಗಿದ್ದರೂ ಕೆಲವೇ ವರ್ಷಗಳಲ್ಲಿ ಮತ್ತೆ ನೆಲೆಗೊಂಡಿತು. ಮೊಮ್ಮಗನಾದ ಸೊತಾನ್ ಬಾಲ್ಯವನ್ನು ದೈತೊಕುಜಿ ವಿಹಾರದಲ್ಲಿ ಕಳೆದವನು. ಅಜ್ಜನ ಅಂತ್ಯವನ್ನು ಮರೆಯದ ಅವನು ಯಾವ ಪ್ರಭುವಿನ ಆಶ್ರಯವನ್ನೂ ಸೇರದೆ ಬಡತನದಲ್ಲಿಯೇ ಬಾಳಿದನು. ಅವನ ಮೂವರು ಮಕ್ಕಳಿಂದ ಒಮೊತೆಸೆಂಕೆ, ಉರಾಸೆಂಕೆ, ಮುಶಾಕೋಜಿಸೆಂಕೆ ಎಂಬ ಮೂರು ಮನೆತನಗಳು ಹುಟ್ಟಿ, ಇಂದಿಗೂ ಆ ವಿದ್ಯೆಯನ್ನು ಕಲಿಸುತ್ತಿವೆ. ಹಿಂದೆ ಬಹುಮಟ್ಟಿಗೆ ಪುರುಷರದಾಗಿದ್ದ ಈ ವಿದ್ಯೆಯು ಹತ್ತೊಂಬತ್ತು ಇಪ್ಪತ್ತನೆಯ ಶತಮಾನಗಳ ಸಂಧಿಯಲ್ಲಿ ಬಾಲಿಕಾ ಪಾಠಶಾಲೆಗಳನ್ನು ಪ್ರವೇಶಿಸಿತು. ಇಂದು ಜಪಾನಿನ ಅನೇಕ ಶಾಲೆಗಳಲ್ಲಿ ಮಕ್ಕಳು ಪಾಠ ಮುಗಿದ ಮೇಲೆ ಕಲೆತು ಅದೇ ನಮಸ್ಕಾರದಿಂದ ಅಭ್ಯಾಸ ಆರಂಭಿಸುತ್ತಾರೆ. ನಮ್ಮ ದೇಶಕ್ಕೆ 1902ರಲ್ಲಿ ಬಂದು ರವೀಂದ್ರನಾಥ ಠಾಕೂರರ ಸ್ನೇಹ ಸಂಪಾದಿಸಿದ್ದ ಒಕಾಕುರ ಕಾಕುಜೊ 1906ರಲ್ಲಿ ಚಹಾವನ್ನು ಕುರಿತು ಇಂಗ್ಲಿಷಿನಲ್ಲಿ ಒಂದು ಪುಸ್ತಕ ಪ್ರಕಟಿಸಿದನು. ಆ ಪುಸ್ತಕವು ಮುಕ್ತಾಯವಾಗುವುದು ರಿಕ್ಯೂವಿನ ಕೊನೆಯ ಚಹಾದ ಚಿತ್ರಣದಿಂದಲೇ.

ದೈತೊಕುಜಿಯ ಹೆಬ್ಬಾಗಿಲು ಇಂದಿಗೂ ನಿಂತಿದೆ, ಯಮಜಾಕಿಯ ಕಿರುಬಾಗಿಲೂ ಉಳಿದಿದೆ. ಮೊದಲನೆಯದು ರಿಕ್ಯೂವಿನ ದಾನಕ್ಕೆ ಸಾಕ್ಷಿ, ಎರಡನೆಯದು ಆತನ ವಿದ್ಯೆಗೆ ಸಾಕ್ಷಿ. ದಾನಕ್ಕೆ ಸಂದ ಗೌರವವು ಆತನ ಪ್ರಾಣಕ್ಕೆ ಮುಳುವಾಯಿತು. ವಿದ್ಯೆಯು ಆತನ ಪ್ರಾಣವನ್ನೂ ಮೀರಿ ಬದುಕಿತು. ಹೊಸ ವಿದ್ಯಾರ್ಥಿಯು ತಪ್ಪು ಕೈಯಲ್ಲಿ ಬಟ್ಟಲು ಹಿಡಿದು ನಾಚಿದಾಗ, ಗುರುವು ಗದರಿಸದೆ ಮತ್ತೆ ಮೊದಲಿನಿಂದ ತೋರಿಸಿಕೊಡುವ ಪ್ರತಿಯೊಂದು ಕಡೆಯಲ್ಲಿಯೂ ರಿಕ್ಯೂ ಜೀವಿಸಿದ್ದಾನೆ. ಕಲಿಸುವ ಸ್ಥಾನದಲ್ಲಿರುವ ನಾವು ಮಕ್ಕಳು ಬಾಗಿ ಬರಲೆಂದು ಬಯಸುವಾಗ, ಅದೇ ಬಾಗಿಲಿನಲ್ಲಿ ನಾವೂ ಬಾಗಿದ್ದೇವೆಯೇ ಎಂದು ಒಮ್ಮೆ ನೋಡಿಕೊಂಡರೆ, ಈ ದೂರದೇಶದ ಗುರುವಿನ ಸ್ಮರಣೆ ಸಾರ್ಥಕವಾದೀತು.